ರಾತ್ರಿಯ ಬೆಳಕಿಗೂ ನಿಯಮ ಬೇಕು: ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳಿಂದ ಕಳಿಸಬೇಕಾದ ಮನವಿಯ ಕುರಿತು ಚರ್ಚೆ

ಚರ್ಚೆ ಆರಂಭಿಸಿದವರು: ಚಿತ್ರದುರ್ಗದ ಆಕಾಶ ವೀಕ್ಷಕ

ಎಲ್ಲರಿಗೂ ನಮಸ್ಕಾರ. ಬೀದಿದೀಪ, ಹೈಮಾಸ್ಟ್ ದೀಪ, ಜಾಹೀರಾತು ಫಲಕ, ಕಟ್ಟಡಗಳ ಫ್ಲಡ್‌ಲೈಟ್ ಇವೆಲ್ಲವೂ ರಾತ್ರಿ ಎಷ್ಟು, ಯಾವ ಕಡೆಗೆ, ಎಷ್ಟು ಹೊತ್ತಿನವರೆಗೆ ಬೆಳಗಬೇಕು ಎಂಬುದಕ್ಕೆ ರಾಜ್ಯ ಸರ್ಕಾರ ನಿಯಮ ರೂಪಿಸಬೇಕೆಂದು ಕೇಳುವ ಮನವಿಯೊಂದನ್ನು ನಮ್ಮ ಎರಡು ಜಿಲ್ಲೆಗಳ ಪರವಾಗಿ ಸಿದ್ಧಪಡಿಸುತ್ತಿದ್ದೇನೆ. ಅದನ್ನು ಕಳಿಸುವ ಮೊದಲು ಇಲ್ಲಿ ಮುಕ್ತವಾಗಿ ಚರ್ಚೆಯಾಗಲಿ. ಒಪ್ಪುವವರಿಗಿಂತ ಒಪ್ಪದವರ ಮಾತು ನನಗೆ ಹೆಚ್ಚು ಬೇಕಾಗಿದೆ.

ನಮ್ಮದು ಮಳೆ ಕಡಿಮೆ ಬೀಳುವ ಬಯಲುಸೀಮೆ. ಕೃಷಿಗೆ ಇದು ಕಷ್ಟದ ಮಾತಾದರೂ ಆಕಾಶ ನೋಡುವವರಿಗೆ ಇದಕ್ಕಿಂತ ಒಳ್ಳೆಯ ನೆಲ ದಕ್ಷಿಣದಲ್ಲಿ ಹುಡುಕಿದರೂ ಹೆಚ್ಚು ಸಿಗುವುದಿಲ್ಲ. ಚಳ್ಳಕೆರೆ ಮತ್ತು ಮೊಳಕಾಲ್ಮೂರು ಕಡೆಯ ಹುಲ್ಲುಗಾವಲುಗಳಲ್ಲಿ ಚಂದ್ರನಿಲ್ಲದ ರಾತ್ರಿ ನಿಂತರೆ ಆಕಾಶಗಂಗೆ ಇಂದಿಗೂ ಬರಿಗಣ್ಣಿಗೆ ಕಾಣುತ್ತದೆ. ಆದರೆ ಅದೇ ಜಾಗದಿಂದ ಊರುಗಳ ದಿಕ್ಕಿಗೆ ತಿರುಗಿದರೆ ದಿಗಂತದಲ್ಲಿ ಬಿಳಿಯ ಮಬ್ಬು ಎದ್ದಿರುತ್ತದೆ. ಹಳದಿ ಸೋಡಿಯಂ ದೀಪಗಳ ಜಾಗಕ್ಕೆ ಬಿಳಿ ಎಲ್‌ಇಡಿ ಬಂದ ಮೇಲೆ ಆ ಮಬ್ಬು ಇನ್ನಷ್ಟು ಮೇಲಕ್ಕೇರಿದೆ. ಇದಕ್ಕೆ ಭೌತಿಕ ಕಾರಣವೂ ಇದೆ. ಬೆಳಕಿನ ತರಂಗದೂರ ಕಡಿಮೆಯಾದಷ್ಟೂ ಗಾಳಿಯ ಕಣಗಳು ಅದನ್ನು ಹೆಚ್ಚು ಚದುರಿಸುತ್ತವೆ. ತಣ್ಣನೆಯ ಬಿಳಿ ಎಲ್‌ಇಡಿಯಲ್ಲಿ ಹೇರಳವಾಗಿರುವ ನೀಲಿ ಬೆಳಕು, ಸೋಡಿಯಂ ದೀಪದ ಹಳದಿ ಬೆಳಕಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಚದುರುತ್ತದೆ. ಹಗಲಿನಲ್ಲಿ ಆಕಾಶ ನೀಲಿಯಾಗಿ ಕಾಣಲು ಯಾವ ಕಾರಣವೋ, ರಾತ್ರಿ ಊರಿನ ಮೇಲೆ ಆ ಮಬ್ಬು ಏಳಲೂ ಅದೇ ಕಾರಣ.

ಲೋಕದ ಪರಿಸ್ಥಿತಿಯನ್ನೂ ಹೇಳಿಬಿಡುತ್ತೇನೆ. 2016ರಲ್ಲಿ ಪ್ರಕಟವಾದ ಜಾಗತಿಕ ನಕ್ಷೆಯೊಂದರ ಪ್ರಕಾರ ಶೇ 80ಕ್ಕೂ ಹೆಚ್ಚು ಜನರು ಕೃತಕ ಬೆಳಕಿನಿಂದ ಕಲುಷಿತವಾದ ಆಕಾಶದ ಕೆಳಗೆ ಬದುಕುತ್ತಿದ್ದಾರೆ, ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಜನರಿಗೆ ತಾವಿರುವ ಜಾಗದಿಂದ ಆಕಾಶಗಂಗೆ ಕಾಣುವುದೇ ಇಲ್ಲ. ಸಾಮಾನ್ಯ ನಾಗರಿಕರು 2011ರಿಂದ 2022ರವರೆಗೆ ಬರಿಗಣ್ಣಿನಿಂದ ಮಾಡಿ ಕಳಿಸಿದ 50 ಸಾವಿರಕ್ಕೂ ಹೆಚ್ಚು ವೀಕ್ಷಣೆಗಳನ್ನು ಆಧರಿಸಿ 2023ರಲ್ಲಿ ಬಂದ ಅಧ್ಯಯನವು, ರಾತ್ರಿ ಆಕಾಶದ ಹೊಳಪು ವರ್ಷಕ್ಕೆ ಸರಾಸರಿ ಶೇ 9.6ರಷ್ಟು ಏರುತ್ತಿದೆ ಎಂದು ಹೇಳಿತು. ಆ ವೀಕ್ಷಣೆಗಳಲ್ಲಿ ಹೆಚ್ಚಿನವು ಯೂರೋಪ್ ಮತ್ತು ಉತ್ತರ ಅಮೆರಿಕದವು, ಆದ್ದರಿಂದ ಆ ಅಂಕಿಯನ್ನು ನಮ್ಮ ಊರಿಗೆ ಹಾಗೆಯೇ ಅಂಟಿಸುವುದು ಸರಿಯಲ್ಲ. ಆದರೂ ಆ ವೇಗದ ಅರ್ಥವೇನೆಂದು ತಿಳಿಯಬೇಕು: 250 ನಕ್ಷತ್ರ ಕಾಣುವ ಊರಿನಲ್ಲಿ ಹುಟ್ಟಿದ ಮಗುವಿಗೆ ಹದಿನೆಂಟು ತುಂಬುವ ಹೊತ್ತಿಗೆ 100 ಮಾತ್ರ ಕಾಣುತ್ತವೆ.

ಕಾನೂನೇ ಏಕೆ ಬೇಕು, ತಿಳಿವಳಿಕೆ ಸಾಲದೇ ಎಂದು ಕೇಳಬಹುದು. ನನ್ನ ಮನೆಯ ದೀಪವನ್ನು ನಾನು ಆರಿಸಬಲ್ಲೆ, ನಾಲ್ಕು ಬೀದಿಯಾಚೆಯ ಕಲ್ಯಾಣ ಮಂಟಪದ ಮೇಲಿಂದ ಆಕಾಶಕ್ಕೆ ಬಿಡುವ ಸರ್ಚ್‌ಲೈಟನ್ನು ಆರಿಸಲಾರೆ. ಅಮೆರಿಕದ ಫ್ಲ್ಯಾಗ್‌ಸ್ಟಾಫ್ ಎಂಬ ಊರು 1958ರಲ್ಲೇ ಇಂಥ ಜಾಹೀರಾತು ಸರ್ಚ್‌ಲೈಟುಗಳಿಗೆ ಕಡಿವಾಣ ಹಾಕುವ ಸ್ಥಳೀಯ ಕಾನೂನು ಮಾಡಿತು. ಪ್ಲೂಟೊ ಪತ್ತೆಯಾದ ಲೋವೆಲ್ ವೀಕ್ಷಣಾಲಯ ಇರುವುದು ಅಲ್ಲಿಯೇ. ಸ್ಪೇನ್ ದೇಶವು ಕೆನರಿ ದ್ವೀಪಗಳ ಆಕಾಶವನ್ನು ಕಾಪಾಡಲು 1988ರಲ್ಲಿ ಕಾನೂನು ತಂದಿತು. ಫ್ರಾನ್ಸ್ 2018ರ ಡಿಸೆಂಬರಿನಲ್ಲಿ ಹೊರಡಿಸಿದ ಆದೇಶದಂತೆ, ಅಂಗಡಿಯ ಪ್ರದರ್ಶನ ದೀಪಗಳು ರಾತ್ರಿ ಒಂದು ಗಂಟೆಯೊಳಗೆ, ಅಥವಾ ವ್ಯಾಪಾರ ಅದಕ್ಕಿಂತ ತಡವಾಗಿ ಮುಗಿಯುವುದಾದರೆ ಅದಾದ ಒಂದು ಗಂಟೆಯೊಳಗೆ ಆರಬೇಕು. ಹೊರಾಂಗಣದ ಹೊಸ ದೀಪಗಳ ಬಣ್ಣವನ್ನೂ 3000 ಕೆಲ್ವಿನ್‌ಗೆ ಮಿತಿಗೊಳಿಸಿದ್ದಾರೆ. ಕೆಲ್ವಿನ್ ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಹಳದಿಯ ಕಡೆಗೆ ವಾಲುತ್ತದೆ.

ನಾನು ಕೇಳುತ್ತಿರುವುದು ಮೂರೇ ವಿಷಯ. ದೀಪದ ಮುಖ ನೆಲದ ಕಡೆಗಿರಲಿ, ಬಣ್ಣ ಹಳದಿ ಛಾಯೆಯದಾಗಿರಲಿ, ಅಗತ್ಯವಿಲ್ಲದ ಹೊತ್ತಿನಲ್ಲಿ ಮಂದವಾಗಲಿ ಅಥವಾ ಆರಲಿ. ನಿಮ್ಮ ಅಭಿಪ್ರಾಯ ತಿಳಿಸಿ.

ಜಗಳೂರು ತಾಲ್ಲೂಕಿನ ರೈತ

ಸರ್, ನಿಮ್ಮ ಕಾಳಜಿಯನ್ನು ಗೌರವಿಸುತ್ತೇನೆ, ಆದರೆ ಈ ಮನವಿಗೆ ಈಗಿರುವ ರೂಪದಲ್ಲಿ ನಾನು ಸಹಿ ಹಾಕಲಾರೆ. ನಮ್ಮ ಕಡೆ ಪಂಪ್‌ಸೆಟ್ಟಿಗೆ ತ್ರೀಫೇಸ್ ವಿದ್ಯುತ್ ಎಷ್ಟೋ ಸಲ ರಾತ್ರಿಯ ಪಾಳಿಯಲ್ಲೇ ಬರುತ್ತದೆ. ನೀರು ಕಟ್ಟಲು ಹೊಲಕ್ಕೆ ಹೋಗುವವನಿಗೆ ಹಾವಿನ ಭಯ, ಗುಡ್ಡದ ಅಂಚಿನವರಿಗೆ ಕರಡಿ ಮತ್ತು ಚಿರತೆಯ ಭಯ. ತೋಟದ ಮನೆಯವರು ಅಂಗಳಕ್ಕೆ ಫ್ಲಡ್‌ಲೈಟ್ ಹಾಕಿಸಿಕೊಂಡಿರುವುದು ಆಡಂಬರಕ್ಕಲ್ಲ. ಬೀದಿದೀಪಕ್ಕಾಗಿ ಪಂಚಾಯಿತಿಗೆ ಅರ್ಜಿ ಕೊಟ್ಟು ಕೊಟ್ಟು ಸಾಕಾದವರು ನಾವು. ದೀಪ ಬಂದ ಮೇಲೆ ಅದನ್ನು ಕಡಿಮೆ ಮಾಡಿ ಎಂದು ಕೇಳುವವರ ಜೊತೆ ನಾವು ಹೇಗೆ ನಿಲ್ಲುವುದು? ಕತ್ತಲೆಯನ್ನು ಕಾಪಾಡಬೇಕೆನ್ನುವವರು, ಕತ್ತಲೆಯಲ್ಲಿ ಕೆಲಸ ಮಾಡುವವರನ್ನು ಮೊದಲು ಕೇಳಬೇಕು.

ಚಿತ್ರದುರ್ಗದ ಆಕಾಶ ವೀಕ್ಷಕ

ನಿಮ್ಮ ಆಕ್ಷೇಪ ಸರಿಯಾಗಿದೆ, ಮನವಿಯ ಮೊದಲ ವಾಕ್ಯವೇ ಅದಕ್ಕೆ ಉತ್ತರ ಕೊಡುವಂತಿರಬೇಕು. ತೋಟದ ಮನೆಯ ಅಂಗಳ ಬೆಳಗಲೇಬೇಕು. ಅಂಗಳವನ್ನು ಬಿಟ್ಟು ಪಕ್ಕದ ಗುಡ್ಡವನ್ನೂ ಮೋಡವನ್ನೂ ಬೆಳಗುವ ಭಾಗದ ಬಗ್ಗೆ ಮಾತ್ರ ನನ್ನ ತಕರಾರು. ಜೊತೆಗೆ ಇನ್ನೊಂದನ್ನು ಗಮನಿಸಿ: ಕಣ್ಣಿಗೆ ನೇರವಾಗಿ ಹೊಡೆಯುವ ಫ್ಲಡ್‌ಲೈಟಿನ ಪಕ್ಕದಿಂದ ಹೊಲದ ಕಡೆಗೆ ನೋಡಿದರೆ, ಬದುವಿನಾಚೆ ಏನಿದೆ ಎಂಬುದು ಕಾಣುವುದೇ ಇಲ್ಲ. ಪಾಪೆ ಕಿರಿದಾಗುತ್ತದೆ, ಕತ್ತಲಿಗೆ ಹೊಂದಿಕೊಂಡಿದ್ದ ದೃಷ್ಟಿ ಹೋಗುತ್ತದೆ, ಮತ್ತೆ ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ಕರಡಿ ಬರುವ ಕಡೆಯಲ್ಲಿ ಅದು ಸಣ್ಣ ವಿಷಯವಲ್ಲ. ಹಾಗಿದ್ದರೂ ಮನೆಯವರ ಭಯವನ್ನು ನಾನು ಇಲ್ಲಿ ಕುಳಿತು ಅಳೆಯಲಾರೆ. ತೋಟದ ಮನೆಗಳಿಗೆ ದಂಡ ವಿಧಿಸುವ ಯಾವ ನಿಯಮವನ್ನೂ ನಾವು ಕೇಳಬಾರದು ಎಂಬುದನ್ನು ಒಪ್ಪುತ್ತೇನೆ.

ದಾವಣಗೆರೆಯ ವಿದ್ಯುತ್ ಗುತ್ತಿಗೆದಾರ

ಬೀದಿದೀಪ ಅಳವಡಿಸುವ ಕೆಲಸ ನನ್ನದು, ಆದ್ದರಿಂದ ಕಂಬದ ಮೇಲಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹಳೆಯ ಕಂಬಗಳಿಗೆ ಬಳಸುವ ಪೈಪಿನ ತೋಳು ಹತ್ತು ಹದಿನೈದು ಡಿಗ್ರಿ ಮೇಲಕ್ಕೆ ಬಾಗಿರುತ್ತದೆ. ಸೋಡಿಯಂ ದೀಪದ ಬುರುಡೆಗೆ ಗಾಜಿನ ಬಟ್ಟಲು ಇರುತ್ತಿದ್ದ ಕಾಲದಲ್ಲಿ, ಬೆಳಕು ರಸ್ತೆಯ ಆಚೆಯ ಅಂಚಿಗೂ ಬೀಳಲಿ ಎಂದು ಹಾಗೆ ಮಾಡುತ್ತಿದ್ದರು. ಈಗ ಅದೇ ತೋಳಿಗೆ ಚಪ್ಪಟೆಯಾದ ಎಲ್‌ಇಡಿ ಫಿಟ್ಟಿಂಗನ್ನು ಸಿಕ್ಕಿಸಿ ಬೋಲ್ಟ್ ಬಿಗಿದು ಇಳಿದುಬಿಡುತ್ತಾರೆ. ತೋಳು ಬಾಗಿದಷ್ಟೇ ದೀಪದ ಮುಖವೂ ಮೇಲಕ್ಕೆ ಬಾಗುತ್ತದೆ, ಎದುರು ಮನೆಯ ಮಹಡಿಯ ಕಿಟಕಿಗೆ ನೇರವಾಗಿ ಬೆಳಕು ಹೊಡೆಯುತ್ತದೆ. ಆಕಾಶದ ಮಬ್ಬಿಗೂ ಅತಿ ಹೆಚ್ಚು ಕೆಡುಕು ಮಾಡುವುದು ದಿಗಂತಕ್ಕಿಂತ ತುಸು ಮೇಲೆ ಹೊರಡುವ ಈ ಓರೆ ಬೆಳಕೇ, ಏಕೆಂದರೆ ಅದು ದಟ್ಟವಾದ ಕೆಳಗಾಳಿಯಲ್ಲಿ ಬಹುದೂರ ಸಾಗುತ್ತಾ ಚದುರುತ್ತದೆ.

ಇದನ್ನು ಸರಿಪಡಿಸಲು ಹೊಸ ದೀಪ ಕೊಳ್ಳಬೇಕಾಗಿಲ್ಲ. ಅನೇಕ ಫಿಟ್ಟಿಂಗ್‌ಗಳ ಹಿಂಭಾಗದಲ್ಲಿ ಕೋನ ಬದಲಿಸುವ ಕೀಲು ಇರುತ್ತದೆ. ಏಣಿ ಹಾಕಿ, ಎರಡು ಬೋಲ್ಟ್ ಸಡಿಲಿಸಿ, ಗಾಜಿನ ಮುಖ ನೆಲಕ್ಕೆ ಸಮಾಂತರವಾಗುವಂತೆ ಇಳಿಸಿ, ಮತ್ತೆ ಬಿಗಿದರೆ ಆಯಿತು. ಆದರೆ ಹಾಗೆ ಮಾಡಬೇಕೆಂದು ಕೆಲಸದ ಆದೇಶದಲ್ಲಿ ಬರೆದಿರುವುದಿಲ್ಲ. ನಾನು ಕಂಡ ಎಷ್ಟೋ ಟೆಂಡರುಗಳಲ್ಲಿ ವಾಟ್ ಎಷ್ಟು, ಕಂಬ ಎಷ್ಟು, ವಾರಂಟಿ ಎಷ್ಟು ವರ್ಷ ಎಂದು ಇರುತ್ತದೆಯೇ ಹೊರತು ದೀಪದ ಕೋನ ಎಷ್ಟು, ಬಣ್ಣ ಎಷ್ಟು ಕೆಲ್ವಿನ್ ಎಂಬುದರ ಕಡೆಗೆ ಯಾರೂ ಗಮನ ಕೊಡುವುದಿಲ್ಲ. ಬರೆಯದಿದ್ದುದನ್ನು ಗುತ್ತಿಗೆದಾರನು ತನ್ನ ಖರ್ಚಿನಲ್ಲಿ ಮಾಡುವುದೂ ಇಲ್ಲ. ಜನರಿಗೂ ಕಣ್ಣು ಕುಕ್ಕುವ 6500 ಕೆಲ್ವಿನ್ ದೀಪವೇ ‘ಪವರ್ ಜಾಸ್ತಿ’ ಎಂಬ ಭಾವನೆ ಇದೆ. ಹಳದಿ ಛಾಯೆಯ ದೀಪ ಹಾಕಿದರೆ ಹಳೆಯ ಮಾಲು ತಂದಿದ್ದೀರಿ ಎಂದು ಜಗಳಕ್ಕೆ ಬರುತ್ತಾರೆ. ಆದ್ದರಿಂದ ನಿಯಮ ಬರುವುದಾದರೆ ಅದು ಖರೀದಿಯ ಹಂತದಲ್ಲೇ ಬರಲಿ. ದೀಪ ಕಂಬಕ್ಕೇರಿದ ಮೇಲೆ ಬರುವ ನಿಯಮ ಕಾಗದದಲ್ಲೇ ಉಳಿಯುತ್ತದೆ.

ಹಳ್ಳಿಗಳಲ್ಲಿ ಹಗಲು ಹನ್ನೆರಡು ಗಂಟೆಗೂ ಬೀದಿದೀಪ ಉರಿಯುವುದಕ್ಕೆ ಕಾರಣ ಬೇರೆ. ಅಲ್ಲಿ ದೀಪ ಹಾಕಿ ಆರಿಸುವವರು ಬಹುತೇಕ ಕಡೆ ನೀರುಗಂಟಿಗಳು. ಅವರ ಮೇಲೆ ಟ್ಯಾಂಕಿನ ಕೆಲಸ, ವಾಲ್ವ್ ಕೆಲಸ ಎಲ್ಲವೂ ಇರುತ್ತದೆ. ಸ್ವಿಚ್ ತಂತಿಯೇ ಇಲ್ಲದ ಬೀದಿಗಳೂ ಇವೆ. ಅವರನ್ನು ಬೈಯುವುದರಿಂದ ಪ್ರಯೋಜನವಿಲ್ಲ, ಟೈಮರ್ ಇರುವ ಪೆಟ್ಟಿಗೆ ಕೂಡಿಸಬೇಕು. ವಿದ್ಯುತ್ ಬಿಲ್ಲು ಕಟ್ಟುವುದು ಪಂಚಾಯಿತಿಯೇ ಆದ್ದರಿಂದ ಈ ಒಂದು ಅಂಶಕ್ಕೆ ಯಾವ ಸದಸ್ಯರೂ ಅಡ್ಡಿ ಹೇಳಲಾರರು.

ದಾವಣಗೆರೆಯ ಶುಶ್ರೂಷಕಿ

ರಾತ್ರಿ ಪಾಳಿ ಮುಗಿಸಿ ಅಥವಾ ಸಂಜೆ ಪಾಳಿಯಿಂದ ತಡವಾಗಿ ಮನೆಗೆ ಹೋಗುವ ಹೆಣ್ಣುಮಕ್ಕಳ ಪರವಾಗಿ ಬರೆಯುತ್ತಿದ್ದೇನೆ. ಮೇಲಿನ ಗುತ್ತಿಗೆದಾರರು ಹೇಳಿದ್ದನ್ನು ಓದಿದ ಮೇಲೆ, ನನಗೆ ದಿನವೂ ತೊಂದರೆ ಕೊಡುವ ಜಾಗ ಯಾವುದೆಂದು ಸ್ಪಷ್ಟವಾಯಿತು. ಬಸ್ಸಿನಿಂದ ಇಳಿಯುವ ವೃತ್ತದಲ್ಲಿ ಹೈಮಾಸ್ಟ್ ದೀಪ ಹಗಲಿನಂತೆ ಉರಿಯುತ್ತದೆ. ಅಲ್ಲಿಂದ ನಮ್ಮ ಬಡಾವಣೆಯ ಅಡ್ಡರಸ್ತೆಗೆ ತಿರುಗಿದ ಕೂಡಲೇ ಏನೂ ಕಾಣುವುದಿಲ್ಲ. ತಿರುವಿನಲ್ಲಿ ಯಾರಾದರೂ ನಿಂತಿದ್ದರೆ ಅವರಿಗೆ ನಾನು ಕಾಣುತ್ತೇನೆ, ನನಗೆ ಅವರು ಕಾಣುವುದಿಲ್ಲ. ಒಳಗಿನ ದೀಪಗಳಲ್ಲಿ ಕೆಲವು ಕೆಟ್ಟಿವೆ, ಕೆಲವು ಮರದ ಎಲೆಗಳ ಮೇಲೆ ಉರಿಯುತ್ತಿವೆ.

ಆದ್ದರಿಂದ ಹೆಚ್ಚು ಬೆಳಕು ಎಂದರೆ ಹೆಚ್ಚು ರಕ್ಷಣೆ ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ, ಬೆಳಕು ಸಮನಾಗಿ ಹರಡಿರಬೇಕು ಎಂಬುದನ್ನು ಒಪ್ಪುತ್ತೇನೆ. ಆದರೆ ಮನವಿಯಲ್ಲಿ ಬರೀ ಮಿತಿಗಳೇ ಇದ್ದರೆ, ನಾಳೆ ಅದನ್ನೇ ನೆಪ ಮಾಡಿಕೊಂಡು ನಮ್ಮ ಬೀದಿಯ ಕೆಟ್ಟ ದೀಪವನ್ನು ರಿಪೇರಿ ಮಾಡದೆ ಬಿಡುವ ಅಪಾಯ ಇದೆ. ಗರಿಷ್ಠ ಮಿತಿಯ ಜೊತೆಗೆ ಕನಿಷ್ಠ ಬೆಳಕನ್ನೂ ಅದೇ ನಿಯಮದಲ್ಲಿ ಬರೆಯಿರಿ. ಬಸ್ ನಿಲ್ದಾಣ, ಆಸ್ಪತ್ರೆ, ಹಾಸ್ಟೆಲ್, ಗಾರ್ಮೆಂಟ್ಸ್ ಕಾರ್ಖಾನೆ ಇವುಗಳಿಂದ ಮನೆಗಳಿಗೆ ಹೋಗುವ ದಾರಿಯ ದೀಪಗಳನ್ನು ರಾತ್ರಿ ಮಂದಗೊಳಿಸುವ ಪಟ್ಟಿಯಿಂದ ಹೊರಗಿಡಿ. ಕೆಟ್ಟ ದೀಪವನ್ನು ಇಷ್ಟು ದಿನದೊಳಗೆ ಸರಿಪಡಿಸಬೇಕೆಂಬ ಗಡುವೂ ಇರಲಿ. ಇಷ್ಟಿದ್ದರೆ ನಾನು ಸಹಿ ಹಾಕುವುದಷ್ಟೇ ಅಲ್ಲ, ನಮ್ಮ ವಾರ್ಡಿನವರಿಂದಲೂ ಸಹಿ ಸಂಗ್ರಹಿಸಿ ಕೊಡುತ್ತೇನೆ.

ಚಿತ್ರದುರ್ಗದ ವಕೀಲ

ಯಾವ ಕಾನೂನಿನ ಅಡಿಯಲ್ಲಿ ಕೇಳುತ್ತೀರಿ ಎಂಬ ಪ್ರಶ್ನೆಯನ್ನು ಇದುವರೆಗೆ ಯಾರೂ ಎತ್ತಿಲ್ಲ. ಮನವಿ ಗಟ್ಟಿಯಾಗಬೇಕಾದರೆ ಇದು ಮುಖ್ಯ. 1981ರ ವಾಯು ಕಾಯ್ದೆಯಲ್ಲಿ ಮಾಲಿನ್ಯಕಾರಕ ಎಂದರೆ ವಾತಾವರಣದಲ್ಲಿರುವ ಘನ, ದ್ರವ ಅಥವಾ ಅನಿಲ ಪದಾರ್ಥ ಎಂದಿತ್ತು. 1987ರ ತಿದ್ದುಪಡಿಯಲ್ಲಿ ಅದಕ್ಕೆ ಶಬ್ದವನ್ನು ಸೇರಿಸಿದರು. 1986ರ ಪರಿಸರ ಸಂರಕ್ಷಣಾ ಕಾಯ್ದೆಯಲ್ಲೂ ವ್ಯಾಖ್ಯೆ ಘನ, ದ್ರವ, ಅನಿಲಕ್ಕೆ ನಿಲ್ಲುತ್ತದೆ, ಆದರೆ ನಿಯಮ ಮಾಡುವ ಅಧಿಕಾರ ಕೊಡುವ ಆರನೇ ಕಲಮಿನಲ್ಲಿ ‘ಶಬ್ದವೂ ಸೇರಿದಂತೆ’ ಎಂಬ ಮಾತಿದೆ. ಆ ಒಂದು ಮಾತಿನ ಬಲವೂ ಸೇರಿ 2000ದಲ್ಲಿ ಶಬ್ದ ಮಾಲಿನ್ಯ ನಿಯಮಗಳು ಬಂದವು, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧ ಬಂತು. ಬೆಳಕು ಈ ಎರಡೂ ಕಾಯ್ದೆಗಳ ಪಠ್ಯದಲ್ಲಿ ಎಲ್ಲಿಯೂ ಇಲ್ಲ. ಮಧ್ಯರಾತ್ರಿ ಮಲಗುವ ಕೋಣೆಗೆ ಎಲ್‌ಇಡಿ ಫಲಕದ ಬೆಳಕು ಹೊಡೆದರೆ, ಡೆಸಿಬಲ್‌ನಂತೆ ತೋರಿಸಿ ದೂರು ಕೊಡಲು ನಾಗರಿಕನ ಕೈಯಲ್ಲಿ ಒಂದು ಅಳತೆಯಿಲ್ಲ.

ಆದ್ದರಿಂದ ಮನವಿ ಎರಡು ಕಡೆಗೆ ಹೋಗಬೇಕು. ಶಬ್ದವನ್ನು ಸೇರಿಸಿದಂತೆ ಬೆಳಕನ್ನೂ ಸೇರಿಸಿ ಎಂದು ಕೇಂದ್ರಕ್ಕೆ ಕೇಳಬೇಕು, ಅದಕ್ಕೆ ಕಾಲ ಹಿಡಿಯುತ್ತದೆ. ಅಲ್ಲಿಯವರೆಗೆ ಕಾಯುವ ಅಗತ್ಯವಿಲ್ಲ, ಏಕೆಂದರೆ ಬೀದಿದೀಪ ಸ್ಥಳೀಯ ಸಂಸ್ಥೆಗಳ ಕೆಲಸ. ದೀಪ ಖರೀದಿಯ ಮಾನದಂಡವನ್ನು ರಾಜ್ಯದ ಪಂಚಾಯತ್ ರಾಜ್ ಮತ್ತು ನಗರಾಭಿವೃದ್ಧಿ ಇಲಾಖೆಗಳು ಸುತ್ತೋಲೆಯ ಮೂಲಕವೇ ಬದಲಿಸಬಹುದು, ಜಾಹೀರಾತು ಫಲಕಗಳಿಗೆ ಪರವಾನಗಿಯ ಷರತ್ತಾಗಿ ಸಮಯವನ್ನು ಸೇರಿಸಬಹುದು.

ಹಬ್ಬ ಜಾತ್ರೆಗಳ ಬಗ್ಗೆ ಯಾರಾದರೂ ಆತಂಕ ಎತ್ತುವ ಮೊದಲೇ ಹೇಳುತ್ತೇನೆ. ಶಬ್ದ ನಿಯಮಗಳಲ್ಲಿಯೇ ವರ್ಷಕ್ಕೆ ಹದಿನೈದು ದಿನ ಮೀರದಂತೆ, ರಾತ್ರಿ ಹನ್ನೆರಡರವರೆಗೆ ಸಡಿಲಿಕೆ ಕೊಡುವ ಅಧಿಕಾರ ರಾಜ್ಯಕ್ಕಿದೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಜಾತ್ರೆಗೋ, ದಾವಣಗೆರೆಯ ದುಗ್ಗಮ್ಮನ ಜಾತ್ರೆಗೋ ಅದೇ ಮಾದರಿಯ ವಿನಾಯಿತಿ ಬರೆದರೆ ಸಾಕು. ದೀಪಾವಳಿಯ ಹಣತೆಯ ಮಾತು ಇಲ್ಲಿ ಬರುವುದೇ ಇಲ್ಲ.

ಹಿರಿಯೂರು ಕಡೆಯ ಹೂವಿನ ಬೆಳೆಗಾರ

ಬೆಳೆಯ ವಿಷಯ ಬಿಟ್ಟುಹೋಗಿದೆ. ಸೇವಂತಿಗೆಗೆ ಮೊಗ್ಗು ಕಟ್ಟಲು ದೀರ್ಘವಾದ, ನಡುವೆ ಬೆಳಕು ಬೀಳದ ರಾತ್ರಿ ಬೇಕು. ಹಂಗಾಮಿಗೆ ತಕ್ಕಂತೆ ಹೂವನ್ನು ತಡಮಾಡಲು ಬೆಳೆಗಾರರೇ ಹೊಲದಲ್ಲಿ ಬಲ್ಬು ಕಟ್ಟುವುದನ್ನು ನೀವು ನೋಡಿರಬಹುದು. ಅದೇ ಕೆಲಸವನ್ನು ರಸ್ತೆ ಬದಿಯ ಫ್ಲಡ್‌ಲೈಟ್ ನಮ್ಮನ್ನು ಕೇಳದೆ ಮಾಡುತ್ತದೆ. ನನ್ನ ಹೊಲದಲ್ಲಿ ರಸ್ತೆಯ ಅಂಚಿನ ಸಾಲುಗಳು ಸೊಂಪಾಗಿ, ಎತ್ತರವಾಗಿ, ಬರೀ ಹಸಿರಾಗಿ ನಿಂತಿದ್ದಾಗ, ಬೆಳಕು ತಲುಪದ ಒಳಸಾಲುಗಳಲ್ಲಿ ಹೂವು ಬಿಡಿಸುವ ಕೆಲಸ ಶುರುವಾಗಿತ್ತು. ಗೊಬ್ಬರ ಒಂದೇ, ನೀರು ಒಂದೇ, ನಾಟಿ ಮಾಡಿದ ದಿನವೂ ಒಂದೇ. ಆಯುಧಪೂಜೆಯ ಮಾರುಕಟ್ಟೆಗೆ ಸಿಗದ ಹೂವು ಆಮೇಲೆ ಯಾವ ಬೆಲೆಗೆ ಹೋಗುತ್ತದೆಂದು ಬೆಳೆದವರಿಗೆ ಗೊತ್ತು.

ಬೆಳಕಿನ ಬಳಕೆಯೂ ಇದೆ ಎಂಬುದನ್ನು ಮರೆಯಬೇಡಿ. ಚಳ್ಳಕೆರೆ ಕಡೆ ಶೇಂಗಾ ಬೆಳೆಯುವವರು ಮುಂಗಾರಿನ ಮೊದಲ ಮಳೆಗಳಾದ ಮೇಲೆ ಕಂಬಳಿಹುಳುವಿನ ಪತಂಗಗಳನ್ನು ಸೆಳೆದು ಕೊಲ್ಲಲು ಬದುಗಳ ಮೇಲೆ ಬೆಂಕಿ ಹಾಕುತ್ತಾರೆ, ದೀಪದ ಬಲೆ ಇಡುತ್ತಾರೆ. ಇಂಥದ್ದಕ್ಕೆ ನಿಯಮದಲ್ಲಿ ಅಡ್ಡಿ ಬರಬಾರದು.

ಚಳ್ಳಕೆರೆ ತಾಲ್ಲೂಕಿನ ಶಿಕ್ಷಕಿ

ನಮ್ಮ ತಾಲ್ಲೂಕಿನ ಕುದಾಪುರದ ಬಳಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ವಿಜ್ಞಾನದ ಊರು ಎಂದು ಹೆಸರು ಪಡೆಯುತ್ತಿರುವ ಕಡೆ ಮಕ್ಕಳಿಗೆ ಆಕಾಶವೂ ಕಾಣಬೇಕು ಎಂಬುದು ನನ್ನ ಆಸೆ. ಪಾಠದಲ್ಲಿ ಸಪ್ತರ್ಷಿ ಮಂಡಲ, ಮಹಾವ್ಯಾಧ ಎಂದು ಚಿತ್ರ ಬರೆಯುತ್ತೇವೆ. ಕೃತ್ತಿಕೆ, ರೋಹಿಣಿ, ಮೃಗಶಿರ ಎಂದು ಮಳೆಯ ಲೆಕ್ಕ ಹಾಕುವ ಮನೆಗಳಿಂದ ಬಂದ ಮಕ್ಕಳಲ್ಲಿ ಎಷ್ಟೋ ಮಂದಿ ಆ ನಕ್ಷತ್ರಗಳನ್ನು ತೋರಿಸಲಾರರು. ರೋಹಿಣಿ ಸಾಕಷ್ಟು ಹೊಳೆಯುವ ಕೆಂಪು ನಕ್ಷತ್ರ, ಪೇಟೆಯಲ್ಲೂ ಕಾಣುತ್ತದೆ. ಕೃತ್ತಿಕೆಯಲ್ಲಿ ಒಳ್ಳೆಯ ಕತ್ತಲಿದ್ದರೆ ಆರು ಏಳು ಚುಕ್ಕಿ ಎಣಿಸಬಹುದು, ಬೆಳಕಿದ್ದರೆ ಒಂದು ಮಸುಕು ಗುರುತು ಮಾತ್ರ. ಊರಿನ ಆಕಾಶ ಹೇಗಿದೆಯೆಂದು ತಿಳಿಯಲು ಇದಕ್ಕಿಂತ ಸುಲಭದ ಪರೀಕ್ಷೆ ಬೇಕಿಲ್ಲ. ಮಾಘ ಮಾಸದ ಅಮಾವಾಸ್ಯೆಯ ಆಸುಪಾಸಿನ ಸಂಜೆಗಳಲ್ಲಿ ಶಾಲೆಗಳು ಇದನ್ನೇ ಮಾಡಿ, ಎಣಿಕೆಯನ್ನು ಊರುವಾರು ಬರೆದಿಟ್ಟರೆ ಮನವಿಗೆ ಒಳ್ಳೆಯ ಆಧಾರವಾಗುತ್ತದೆ.

ನಮ್ಮ ದೇಶದ ಎರಡು ಉದಾಹರಣೆಗಳನ್ನೂ ಸೇರಿಸಿ. ಲಡಾಖಿನ ಹಾನ್ಲೆಯಲ್ಲಿ 2022ರ ಡಿಸೆಂಬರಿನಲ್ಲಿ ಸುಮಾರು 1,073 ಚದರ ಕಿಲೋಮೀಟರ್ ಪ್ರದೇಶವನ್ನು ಕತ್ತಲ ಆಕಾಶದ ಮೀಸಲು ಪ್ರದೇಶವೆಂದು ಘೋಷಿಸಿದರು. ಅಲ್ಲಿರುವ ‘ಹಿಮಾಲಯನ್ ಚಂದ್ರ’ ಎಂಬ ಹೆಸರಿನ ಎರಡು ಮೀಟರ್ ವ್ಯಾಸದ ದೂರದರ್ಶಕವನ್ನು ದೂರದಿಂದ ನಡೆಸುವವರು ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು, ಹೊಸಕೋಟೆಯ ಕೇಂದ್ರದಿಂದ. ಹಾನ್ಲೆಯ ಹಳ್ಳಿಗಳ ಯುವಕ ಯುವತಿಯರಿಗೆ ದೂರದರ್ಶಕ ಕೊಟ್ಟು, ಪ್ರವಾಸಿಗರಿಗೆ ಆಕಾಶ ತೋರಿಸುವ ತರಬೇತಿಯನ್ನೂ ಕೊಟ್ಟಿದ್ದಾರೆ. ಮಹಾರಾಷ್ಟ್ರದ ಪೆಂಚ್ ಹುಲಿ ಮೀಸಲಿಗೆ 2024ರ ಜನವರಿಯಲ್ಲಿ ಕತ್ತಲ ಆಕಾಶದ ಉದ್ಯಾನವೆಂಬ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಅದಕ್ಕಾಗಿ ಸುತ್ತಲಿನ ಹಳ್ಳಿಗಳ ದೀಪಗಳನ್ನು ನೆಲಮುಖ ಮಾಡಿದರು. ಜಗಳೂರಿನ ರಂಗಯ್ಯನದುರ್ಗದ ಕೊಂಡುಕುರಿ ಅಭಯಾರಣ್ಯ, ಚಿತ್ರದುರ್ಗದ ಜೋಗಿಮಟ್ಟಿ ಈ ಎರಡರ ಅಂಚಿನ ಹಳ್ಳಿಗಳಿಂದಲೇ ನಾವೂ ಆರಂಭಿಸಬಹುದು.

ಜೋಗಿಮಟ್ಟಿ ತಪ್ಪಲಿನ ನಿವಾಸಿ

ಗಾಳಿಯಂತ್ರಗಳ ತುದಿಯಲ್ಲಿ ರಾತ್ರಿಯೆಲ್ಲ ಮಿನುಗುವ ಕೆಂಪು ದೀಪಗಳ ಬಗ್ಗೆಯೂ ಬರೆಯುತ್ತೀರಾ? ಗುಡ್ಡಸಾಲಿನುದ್ದಕ್ಕೂ ಕಣ್ಣಿಗೆ ಮೊದಲು ಬೀಳುವುದೇ ಅವು.

ಚಿತ್ರದುರ್ಗದ ಆಕಾಶ ವೀಕ್ಷಕ

ಅವು ವಿಮಾನಗಳ ಸುರಕ್ಷತೆಗಾಗಿ ಇರಲೇಬೇಕಾದ ದೀಪಗಳು, ಅವನ್ನು ಆರಿಸಿ ಎಂದು ಕೇಳಲಾಗದು. ವಿಮಾನ ಹತ್ತಿರ ಬಂದಾಗ ಮಾತ್ರ ಹೊತ್ತಿಕೊಳ್ಳುವ ವ್ಯವಸ್ಥೆಯನ್ನು ಜರ್ಮನಿ ಕಾನೂನಿನಿಂದಲೇ ಕಡ್ಡಾಯ ಮಾಡಿದೆ. ನಮ್ಮ ಮನವಿಯಲ್ಲಿ ಅದನ್ನು ಮುಂದಿನ ಬೇಡಿಕೆಯಾಗಿ ಒಂದು ಸಾಲಿನಲ್ಲಿ ಸೇರಿಸುತ್ತೇನೆ. ಆಕಾಶದ ಮಬ್ಬಿಗೆ ಬೀದಿದೀಪಗಳ ಮುಂದೆ ಅವುಗಳ ಪಾಲು ಬಹಳ ಸಣ್ಣದು.

ಎಲ್ಲರ ಮಾತನ್ನು ಸೇರಿಸಿ ಕರಡನ್ನು ತಿದ್ದಿದ್ದೇನೆ. ಗ್ರಾಮ ಸಭೆಯಲ್ಲಿ ಮಂಡಿಸಬಹುದಾದ ನಿರ್ಣಯದ ಪಠ್ಯ ಹೀಗಿದೆ: ‘ದೀಪವಿಲ್ಲದ ಮತ್ತು ದೀಪ ಕೆಟ್ಟಿರುವ ಬೀದಿಗಳಿಗೆ ಮೊದಲು ಬೆಳಕು ಒದಗಿಸಬೇಕು, ದೂರು ಬಂದ ಏಳು ದಿನಗಳೊಳಗೆ ಕೆಟ್ಟ ದೀಪ ಸರಿಪಡಿಸಬೇಕು. ಇನ್ನು ಮುಂದೆ ಖರೀದಿಸುವ ಎಲ್ಲ ಬೀದಿದೀಪಗಳು 3000 ಕೆಲ್ವಿನ್ ಮೀರದವು ಆಗಿರಬೇಕು, ಅವುಗಳ ಮುಖ ನೆಲಕ್ಕೆ ಸಮಾಂತರವಾಗಿರಬೇಕು, ಪ್ರತಿ ಬೀದಿಯ ಸಾಲಿಗೂ ಟೈಮರ್ ಇರಬೇಕು. ಈಗಾಗಲೇ ಇರುವ ದೀಪಗಳ ಕೋನವನ್ನು ಮುಂದಿನ ನಿರ್ವಹಣೆಯ ಸಮಯದಲ್ಲಿ ಸರಿಪಡಿಸಬೇಕು. ಜಾಹೀರಾತು ಫಲಕ ಮತ್ತು ಕಟ್ಟಡದ ಅಲಂಕಾರ ದೀಪಗಳು ರಾತ್ರಿ ಹನ್ನೊಂದರ ನಂತರ ಆರಬೇಕು, ಆಕಾಶಕ್ಕೆ ಬೆಳಕು ಬಿಡುವ ಸರ್ಚ್‌ಲೈಟಿಗೆ ಅನುಮತಿ ಕೊಡಬಾರದು. ಆಸ್ಪತ್ರೆ, ಬಸ್ ನಿಲ್ದಾಣ, ಹಾಸ್ಟೆಲ್, ಕಾರ್ಖಾನೆಗಳಿಂದ ಮನೆಗಳಿಗೆ ಹೋಗುವ ದಾರಿಯ ದೀಪಗಳನ್ನು ಮಂದಗೊಳಿಸಬಾರದು. ಜಾತ್ರೆ, ಹಬ್ಬ, ಕೃಷಿ ಕೆಲಸ ಮತ್ತು ಕೀಟ ನಿಯಂತ್ರಣಕ್ಕೆ ಈ ಮಿತಿಗಳು ಅನ್ವಯಿಸುವುದಿಲ್ಲ. ರಾಜ್ಯ ಸರ್ಕಾರ ಇದೇ ಮಾದರಿಯಲ್ಲಿ ನಿಯಮ ರೂಪಿಸಬೇಕು, ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿ ಬೆಳಕನ್ನೂ ಸೇರಿಸುವಂತೆ ಕೇಂದ್ರವನ್ನು ಕೋರಬೇಕು.’

ಜಗಳೂರು ತಾಲ್ಲೂಕಿನ ರೈತ

ತಿದ್ದಿದ ಕರಡನ್ನು ಓದಿದೆ. ‘ಕೃಷಿ ಕೆಲಸ’ ಎಂದು ಮಾತ್ರ ಬರೆದರೆ ತೋಟದ ಮನೆಯ ಅಂಗಳದ ದೀಪ ಅದರಲ್ಲಿ ಬರುತ್ತದೋ ಇಲ್ಲವೋ ಎಂದು ನಾಳೆ ವಾದ ಹುಟ್ಟುತ್ತದೆ. ‘ತೋಟದ ಮನೆ, ದನದ ಕೊಟ್ಟಿಗೆ, ಪಂಪ್‌ಸೆಟ್ ಮತ್ತು ಕಣ’ ಎಂದು ಬಿಡಿಸಿ ಬರೆಯಿರಿ. ಅದನ್ನು ಸೇರಿಸಿದರೆ ನಮ್ಮ ಪಂಚಾಯಿತಿಯ ಮುಂದಿನ ಗ್ರಾಮ ಸಭೆಯಲ್ಲಿ ನಾನೇ ಇದನ್ನು ಮಂಡಿಸುತ್ತೇನೆ. ಕಾಡಿನ ಅಂಚಿನ ಹಳ್ಳಿಯಿಂದಲೇ ನಿರ್ಣಯ ಬಂದರೆ ಅರಣ್ಯ ಇಲಾಖೆಯವರೂ ಕಿವಿಗೊಡುತ್ತಾರೆ ಎಂಬ ಶಿಕ್ಷಕಿ ಮೇಡಂ ಅವರ ಸಲಹೆಯ ಹಿಂದಿನ ಯೋಚನೆ ನನಗೆ ಒಪ್ಪಿಗೆಯಾಗಿದೆ. ಎರಡು ಪ್ರತಿ ಕಳಿಸಿ, ಒಂದು ಪಿಡಿಒ ಅವರಿಗೆ ಕೊಡಲು, ಇನ್ನೊಂದರ ಮೇಲೆ ಸ್ವೀಕೃತಿಯ ಸಹಿ ಮತ್ತು ಮುದ್ರೆ ಪಡೆಯಲು. ಗುತ್ತಿಗೆದಾರ ಅಣ್ಣನವರು ಆ ದಿನ ಬಂದು, ಶಾಲೆಯ ಮುಂದಿನ ಕಂಬದ ದೀಪವೊಂದನ್ನು ಸಭೆಯವರ ಎದುರಿನಲ್ಲೇ ಇಳಿಸಿ ತೋರಿಸುವುದಾದರೆ, ಏಣಿಯ ವ್ಯವಸ್ಥೆಯನ್ನೂ ಲೈನ್‌ಮನ್‌ಗೆ ಮುಂಚಿತವಾಗಿ ತಿಳಿಸಿ ಲೈನ್ ಆಫ್ ಮಾಡಿಸುವ ಜವಾಬ್ದಾರಿಯನ್ನೂ ನಾನು ವಹಿಸಿಕೊಳ್ಳುತ್ತೇನೆ.